ನಾಲಿಗೆ ಮಡಿಸುವ ಜೀನ್ ಮತ್ತು ಭ್ರೂಣಕ್ಕೆ ಕೊಡುವ ಅಂಕ

ಕನ್ನಡಿ ಮುಂದೆ ನಿಂತು ನಾಲಿಗೆ ಹೊರಗೆ ಚಾಚಿ. ಎರಡೂ ಅಂಚನ್ನು ಮೇಲೆತ್ತಿ ಕೊಳವೆ ಥರ ಮಡಿಸೋಕೆ ಆಗುತ್ತಾ ನೋಡಿ. ಕೆಲವರಿಗೆ ಮೊದಲ ಸಲಕ್ಕೇ ಆಗುತ್ತದೆ. ಇನ್ನು ಕೆಲವರು ಎಷ್ಟು ತಿಣುಕಿದರೂ ನಾಲಿಗೆ ಚಪ್ಪಟೆಯಾಗಿಯೇ ಇರುತ್ತದೆ. ಶಾಲೆಯಲ್ಲಿ ಇದಕ್ಕೊಂದು ವಿವರಣೆ ಕೇಳಿದ ನೆನಪಿರಬಹುದು: ನಾಲಿಗೆ ಮಡಿಸುವುದಕ್ಕೆ ಒಂದು ಜೀನ್ ಇದೆ, ಅದು ಪ್ರಬಲ ಜೀನ್, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು.

ಈ ಮಾತನ್ನು 1940ರಲ್ಲಿ ಹೇಳಿದವರು ಆಲ್ಫ್ರೆಡ್ ಸ್ಟರ್ಟೆವೆಂಟ್. ಸಾಮಾನ್ಯ ವಿಜ್ಞಾನಿಯಲ್ಲ. ವರ್ಣತಂತುವಿನ (ಕ್ರೋಮೋಸೋಮಿನ) ಮೇಲೆ ಜೀನ್‌ಗಳು ಯಾವ ಸಾಲಿನಲ್ಲಿ ಕೂತಿವೆ ಅಂತ 1913ರಲ್ಲೇ ಜಗತ್ತಿನ ಮೊದಲ ನಕ್ಷೆ ಬರೆದವರು. ಆದರೆ 1952ರಲ್ಲಿ ಮ್ಯಾಟ್ಲಾಕ್ ಎಂಬ ಸಂಶೋಧಕ 33 ಜೋಡಿ ತದ್ರೂಪಿ ಅವಳಿಗಳ ನಾಲಿಗೆ ನೋಡಿದರು. 7 ಜೋಡಿಗಳಲ್ಲಿ ಒಬ್ಬರಿಗೆ ಮಡಿಸೋಕೆ ಆಗುತ್ತಿತ್ತು, ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಇಬ್ಬರ ಡಿಎನ್‌ಎಯೂ ಒಂದೇ. ಹಾಗಾದರೆ ಒಂದೇ ಜೀನ್‌ನ ಕಥೆ ನಿಲ್ಲಲ್ಲ, ಅಲ್ವಾ? ಸ್ಟರ್ಟೆವೆಂಟ್ ತಮ್ಮ ತಪ್ಪು ಒಪ್ಪಿಕೊಂಡರು. ಪುಸ್ತಕಗಳಲ್ಲಿ ಇದನ್ನಿನ್ನೂ ಸಿದ್ಧವಾದ ಸತ್ಯ ಅಂತ ಬರೆಯುತ್ತಿರುವುದು ನೋಡಿ ಮುಜುಗರವಾಗುತ್ತದೆ ಅಂತಲೂ ಬರೆದರು. ಪುಸ್ತಕಗಳು ಮಾತ್ರ ಆಮೇಲೂ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡು ಬಂದವು.

ಈ ಹಳೇ ಕಥೆ ಈಗ ಯಾಕೆ ಅಂದರೆ, ಅದೇ ಥರದ ಕಥೆ ಈಗ ವ್ಯಾಪಾರವಾಗಿದೆ. ಕೊಳವೆಗೆ ಉಗುಳಿ ಅಂಚೆಯಲ್ಲಿ ಕಳಿಸಿದರೆ ನಿಮ್ಮ ಗುಣಗಳ ಪಟ್ಟಿ ಕಳಿಸುತ್ತೇವೆ ಅನ್ನುವ ಕಂಪನಿಗಳಿವೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಐವಿಎಫ್‌ನಲ್ಲಿ (ದೇಹದ ಹೊರಗೆ ಅಂಡಾಣು ವೀರ್ಯಾಣು ಕೂಡಿಸುವ ವಿಧಾನ) ಬೆಳೆಸಿದ ಭ್ರೂಣಗಳ ಡಿಎನ್‌ಎ ಓದಿ, ಯಾವುದು ಜಾಸ್ತಿ ಎತ್ತರ ಬೆಳೆಯಬಹುದು, ಯಾವುದು ಜಾಸ್ತಿ ಬುದ್ಧಿವಂತ ಆಗಬಹುದು ಅಂತ ಅಂಕ ಕೊಡುವ ಸೇವೆ ಅಮೆರಿಕದಲ್ಲಿ ಶುರುವಾಗಿದೆ. ಇದೇ ಕಾಲದಲ್ಲಿ ಜೀನ್ ತಿದ್ದಿ ರೋಗ ಗುಣಪಡಿಸುವ ನಿಜವಾದ ಚಿಕಿತ್ಸೆಗಳೂ ಬಂದಿವೆ. ಸುದ್ದಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ನನ್ನ ತಕರಾರು ಇರುವುದು ಅಲ್ಲೇ.

ಡಿಎನ್‌ಎಯ ಒಂದು ಅಕ್ಷರದಿಂದ ಕಣ್ಣಿಗೆ ಕಾಣುವ ಗುಣದವರೆಗೆ ಒಂದು ದಾರಿ ಇದೆ. ಕೆಲವು ಗುಣಗಳಿಗೆ ಅದು ನಾಲ್ಕು ಹೆಜ್ಜೆ. ಕೆಲವಕ್ಕೆ ಸಾವಿರಾರು ಕವಲು. ಹತ್ತಿರದ ದಾರಿಯಲ್ಲಿ ವಿಜ್ಞಾನ ಗಳಿಸಿದ ಒಳ್ಳೆಯ ಹೆಸರನ್ನು ದೂರದ ದಾರಿಯ ಸರಕು ಮಾರೋಕೆ ಬಳಸುತ್ತಿದ್ದಾರೆ. ಇದು ಅರ್ಥವಾಗಬೇಕಾದರೆ ದಾರಿ ಹೇಗಿದೆ ಅಂತ ಒಮ್ಮೆ ನಡೆದೇ ನೋಡಬೇಕು.

ನೂಲಿನ ಲೆಕ್ಕ

ನಮ್ಮ ಹೆಚ್ಚುಕಮ್ಮಿ ಪ್ರತಿಯೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಕೂತಿರುವ ಜಾಗ, ಅಂದರೆ ಕೋಶಕೇಂದ್ರ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಅಷ್ಟುದ್ದದ ನೂಲು ಸಿಕ್ಕಾಗದೆ ಕೂರಬೇಕು ಅಂದರೆ ಸುತ್ತಿಡಲೇಬೇಕು. ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿ, ಆ ಉಂಡೆಗಳನ್ನು ಮತ್ತೆ ಮಡಚಿ, ಕೋಶ ಒಡೆದು ಎರಡಾಗುವ ಹೊತ್ತಿಗೆ ನೂಲೆಲ್ಲಾ ಗಿಡ್ಡ ಗಿಡ್ಡ ಕಡ್ಡಿಗಳಾಗುತ್ತದೆ. ಆ ಕಡ್ಡಿಗಳು ಬಣ್ಣವನ್ನು ಚೆನ್ನಾಗಿ ಹೀರುತ್ತವೆ. ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ವರ್ಣತಂತು ಅನ್ನುವ ಹೆಸರು ಬಂದದ್ದು ಹಾಗೆ. ನಮ್ಮ ಮೈಬಣ್ಣಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ.

ಅವು ಎಷ್ಟಿವೆ ಅಂತ ಎಣಿಸುವುದು ಸುಲಭ ಅನ್ನಿಸುತ್ತದೆ. 1923ರಲ್ಲಿ ಥಿಯೋಫಿಲಸ್ ಪೇಂಟರ್ ಎಣಿಸಿ 48 ಅಂದರು. ಆಮೇಲೆ ಮೂರು ದಶಕ ಎಲ್ಲರಿಗೂ 48 ಕಂಡವು. 1956ರಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಕೋಶಗಳನ್ನು ಉಪ್ಪಿನಂಶ ಕಡಿಮೆ ಇರುವ ನೀರಿನಲ್ಲಿಟ್ಟು ಉಬ್ಬಿಸಿ, ಒಂದರ ಮೇಲೊಂದು ಬಿದ್ದಿದ್ದ ಕಡ್ಡಿಗಳನ್ನು ಹರಡಿ ಎಣಿಸಿದರು. ಇದ್ದದ್ದು 46. ಇಷ್ಟು ಸಣ್ಣ ಸಂಖ್ಯೆಯೂ 33 ವರ್ಷ ತಪ್ಪಾಗಿಯೇ ಉಳಿಯಿತು ಅನ್ನುವುದು ನನಗೆ ಸದಾ ಸೋಜಿಗ. 48 ಅಂತ ಮೊದಲೇ ಗೊತ್ತಿದ್ದವರು 48 ಆಗುವವರೆಗೆ ಎಣಿಸಿದರು, ಅಷ್ಟೇ. (ಚಿಂಪಾಂಜಿಗೆ ನಿಜವಾಗಿಯೂ 48 ಇವೆ. ಅದರಲ್ಲಿ ಬೇರೆಬೇರೆಯಾಗಿರುವ ಎರಡು, ನಮ್ಮಲ್ಲಿ ಒಂದಕ್ಕೊಂದು ಅಂಟಿಕೊಂಡು ಎರಡನೇ ವರ್ಣತಂತುವಾಗಿವೆ. ಅಂಟಿದ ಜಾಗದ ಗುರುತು ಇವತ್ತಿಗೂ ಇದೆ.)

46 ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಪ್ರತಿ ಜೋಡಿಯಿಂದ ಒಂದನ್ನು ಮಾತ್ರ ಆರಿಸಬೇಕು. ಯಾವುದು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. 23 ಸಲ ನಾಣ್ಯ ಚಿಮ್ಮಿದರೆ 83,88,608 ಬಗೆಯ ಫಲಿತಾಂಶ ಸಾಧ್ಯ. ಎಂಬತ್ತನಾಲ್ಕು ಲಕ್ಷ ಅಂದ ಕೂಡಲೇ ಕೆಲವರ ಕಿವಿ ನೆಟ್ಟಗಾಗುತ್ತದೆ ಅಂತ ಗೊತ್ತು. ಅದು ಬರೀ ಕಾಕತಾಳೀಯ, ಮುಂದೆ ಹೋಗೋಣ. ಇದರ ಜೊತೆಗೆ, ಆರಿಸುವ ಮುಂಚೆ ಜೋಡಿಯಲ್ಲಿರುವ ಎರಡೂ ಕಡ್ಡಿಗಳು ಒಂದರ ಪಕ್ಕ ಒಂದು ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅಜ್ಜಿಯ ಅರ್ಧ, ತಾತನ ಅರ್ಧ ಸೇರಿದ ಹೊಸ ಕಡ್ಡಿಯೇ ಮಗುವಿಗೆ ಸಿಗುವುದು. ಹಾಗಾಗಿ ನಿಜವಾದ ಸಾಧ್ಯತೆಗಳಿಗೆ ಲೆಕ್ಕವೇ ಇಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತೇವೆ. ಆದರೆ ಒಂದೇ ನೂಲಿನ ರಾಶಿಯಿಂದ ಒಂದೇ ಥರದ ಎರಡು ಸೀರೆ ಬರುವುದಿಲ್ಲ ಅನ್ನುವುದು ಈ ಲೆಕ್ಕದ ಅರ್ಥ. ಒಡಹುಟ್ಟಿದವರು ಅರ್ಧ ಡಿಎನ್‌ಎ ಹಂಚಿಕೊಳ್ಳುತ್ತಾರೆ ಅನ್ನುವುದು ಸರಾಸರಿ ಮಾತ್ರ. 2006ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಒಡಹುಟ್ಟಿದವರ ಜೋಡಿಗಳನ್ನು ಅಳೆದಾಗ ಅದು 37 ಪ್ರತಿಶತದಿಂದ 62 ಪ್ರತಿಶತದವರೆಗೆ ಹರಡಿತ್ತು. ಅಣ್ಣ ಅಪ್ಪನ ಪಡಿಯಚ್ಚು, ತಮ್ಮ ಯಾರ ಥರವೂ ಇಲ್ಲ ಅಂತ ಮನೆಮಂದಿ ಮಾತಾಡಿಕೊಂಡರೆ ಅದರಲ್ಲಿ ವಿಚಿತ್ರ ಏನೂ ಇಲ್ಲ.

ಅದೃಷ್ಟದ ಜೊತೆಗೆ ಅಪ್ಪಟ ತಪ್ಪೂ ಆಗುತ್ತದೆ. ಒಬ್ಬ ಹೆಂಗಸಿನ ಅಂಡಾಣುಗಳೆಲ್ಲಾ ಆಕೆ ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡಿರುತ್ತವೆ. ಅಂದರೆ ನೀವು ಮುಂದೆ ಯಾವ ಅಂಡಾಣುವಿನಿಂದ ಹುಟ್ಟಿದಿರೋ ಅದು ನಿಮ್ಮ ಅಜ್ಜಿಯ ಹೊಟ್ಟೆಯಲ್ಲೇ ಇತ್ತು. ಜೋಡಿ ಬಿಡಿಸುವ ಕೆಲಸ ಅಲ್ಲೇ ಶುರುವಾಗಿ, ಅರ್ಧಕ್ಕೆ ನಿಂತು, ದಶಕಗಳ ನಂತರ ಮುಂದುವರಿಯುತ್ತದೆ. ಅಷ್ಟು ಕಾಲ ಜೋಡಿ ಹಿಡಿದಿಟ್ಟ ಅಂಟು ಸಡಿಲವಾಗುವುದು ಸಹಜ. ಆಗ ಒಂದರ ಬದಲು ಎರಡು 21ನೇ ವರ್ಣತಂತು ಅಂಡಾಣುವಿಗೆ ಹೋದರೆ, ಮಗುವಿನಲ್ಲಿ ಅದು ಮೂರಾಗುತ್ತದೆ. ಅದೇ ಡೌನ್ ಸಿಂಡ್ರೋಮ್. 1959ರಲ್ಲಿ ಪ್ಯಾರಿಸ್‌ನ ತಂಡವೊಂದು ಇದನ್ನು ಕಂಡುಹಿಡಿಯಿತು. ಹೆಸರು ಬಂದದ್ದು ಜೆರೋಮ್ ಲೆಜೂನ್‌ಗೆ. ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು ಮಾರ್ಥ್ ಗೋತಿಯೆ. 21ನೆಯದೇ ಯಾಕೆ ಇಷ್ಟು ಹೆಸರುವಾಸಿ? ಅದು ಎಲ್ಲಕ್ಕಿಂತ ಚಿಕ್ಕದು, ಅದರಲ್ಲಿ ಜೀನ್‌ಗಳೂ ಕಡಿಮೆ. ದೊಡ್ಡ ವರ್ಣತಂತು ಒಂದು ಜಾಸ್ತಿಯಾದರೆ ಭ್ರೂಣ ಸಾಮಾನ್ಯವಾಗಿ ಉಳಿಯುವುದೇ ಇಲ್ಲ.

ಸುಕ್ಕಿನ ಬಟಾಣಿಯಲ್ಲಿ ಏನಾಗಿತ್ತು

ಇನ್ನು ಜೀನ್. ವರ್ಣತಂತುವಿನ ಉದ್ದ ನೂಲಿನಲ್ಲಿ ಒಂದು ತುಂಡು ಅದು. ಹೆಚ್ಚಿನ ಜೀನ್‌ಗಳು ಒಂದು ಪ್ರೋಟೀನ್ ಮಾಡುವ ವಿಧಾನವನ್ನು ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟ ಹಾಗೆ. ನಮ್ಮ ಒಂದು ಸೆಟ್ ವರ್ಣತಂತುಗಳಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಮಾನವ ಜೀನೋಮ್ ಯೋಜನೆ 1990ರಲ್ಲಿ ಶುರುವಾದಾಗ ಒಂದು ಲಕ್ಷ ಇರಬಹುದು ಅಂದುಕೊಂಡಿದ್ದರು. ಪ್ರೋಟೀನ್‌ನ ನೇರ ವಿಧಾನ ಬರೆದಿರುವ ಭಾಗ ಒಟ್ಟು ಅಕ್ಷರಗಳಲ್ಲಿ 2 ಪ್ರತಿಶತಕ್ಕಿಂತಲೂ ಕಡಿಮೆ. ಉಳಿದದ್ದರಲ್ಲಿ ಒಂದಷ್ಟು, ಯಾವ ಜೀನ್ ಯಾವಾಗ ಎಲ್ಲಿ ಎಷ್ಟು ಕೆಲಸ ಮಾಡಬೇಕು ಅಂತ ಹೇಳುವ ಸ್ವಿಚ್‌ಗಳು.

ಇಲ್ಲಿ ಮೆಂಡಲ್ ಬರಲೇಬೇಕು. ಬ್ರನೋ ಊರಿನ ಮಠದ ತೋಟದಲ್ಲಿ ಆತ ದುಂಡು ಕಾಳಿನ ಮತ್ತು ಸುಕ್ಕು ಕಾಳಿನ ಬಟಾಣಿ ಗಿಡಗಳನ್ನು ಕೂಡಿಸಿ, ಎರಡನೇ ಪೀಳಿಗೆಯಲ್ಲಿ 5,474 ದುಂಡು ಕಾಳು, 1,850 ಸುಕ್ಕು ಕಾಳು ಎಣಿಸಿದ. ಹೆಚ್ಚುಕಮ್ಮಿ ಮೂರಕ್ಕೊಂದು. ಗುಣಗಳು ಹಾಲು ನೀರಿನ ಹಾಗೆ ಬೆರೆತುಹೋಗುವುದಿಲ್ಲ, ಬಿಡಿ ಬಿಡಿಯಾಗಿ ಹೋಗುತ್ತವೆ ಅನ್ನುವುದು ಆ ಲೆಕ್ಕದಿಂದ ಗೊತ್ತಾಯಿತು. 1866ರಲ್ಲಿ ಅಚ್ಚಾದ ಆ ಪ್ರಬಂಧವನ್ನು 1900ರವರೆಗೆ ಯಾರೂ ಸರಿಯಾಗಿ ಗಮನಿಸಲಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಯಾರೂ ಹೇಳದ ಭಾಗ 1990ರದು.

ಆ ವರ್ಷ ಸುಕ್ಕು ಕಾಳಿನ ಜೀನ್ ಸಿಕ್ಕಿತು. ನೋಡಿದರೆ ಅದು ಸುಕ್ಕಿನ ಜೀನ್ ಆಗಿರಲೇ ಇಲ್ಲ. ಪಿಷ್ಟದ ಸರಪಳಿಗೆ ಕವಲು ಕೂರಿಸುವ ಒಂದು ಕಿಣ್ವದ ಜೀನ್ ಅದು. ಯಾವುದೋ ಕಾಲದಲ್ಲಿ ಸುಮಾರು 800 ಅಕ್ಷರಗಳ ಒಂದು ಅಲೆಮಾರಿ ಡಿಎನ್‌ಎ ತುಂಡು ಅದರ ಮಧ್ಯೆ ನುಗ್ಗಿ ಕೂತು ಜೀನ್ ಕೆಟ್ಟಿತ್ತು. ಕಿಣ್ವ ಇಲ್ಲದ್ದಕ್ಕೆ ಪಿಷ್ಟ ಸರಿಯಾಗಿ ಆಗಲಿಲ್ಲ. ಪಿಷ್ಟವಾಗಬೇಕಿದ್ದ ಸಕ್ಕರೆ ಹಾಗೇ ಉಳಿಯಿತು. ಸಕ್ಕರೆ ಜಾಸ್ತಿ ಇದ್ದಲ್ಲಿಗೆ ನೀರು ಎಳೆದುಕೊಂಡು ಬಂತು. ಹಸಿ ಕಾಳು ಉಬ್ಬಿತು. ಒಣಗಿದಾಗ ಆ ನೀರೆಲ್ಲಾ ಹೋಗಿ ಸಿಪ್ಪೆ ಮಾತ್ರ ದೊಡ್ಡದಾಗಿ ಉಳಿದು ಸುಕ್ಕುಗಟ್ಟಿತು.

ಜೀನ್‌ಗೆ ಸುಕ್ಕು ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಕಿಣ್ವ. ಸುಕ್ಕು ಅನ್ನುವುದು ಐದಾರು ಹೆಜ್ಜೆ ಆಚೆ ನಮ್ಮ ಕಣ್ಣಿಗೆ ಬಿದ್ದ ಪರಿಣಾಮ. ಇಂಥಾ ಗುಣಕ್ಕೆ ಇಂಥಾ ಜೀನ್ ಅಂತ ಶೀರ್ಷಿಕೆ ಓದಿದಾಗಲೆಲ್ಲಾ ನನಗೆ ಈ ಬಟಾಣಿ ನೆನಪಾಗುತ್ತದೆ.

ಹತ್ತಿರದ ದಾರಿ

ಕೆಲವು ಸಲ ಈ ಹೆಜ್ಜೆಗಳು ಬಹಳ ಕಡಿಮೆ. ಆಗ ವಿಜ್ಞಾನ ಖಡಾಖಂಡಿತವಾಗಿ ಮಾತಾಡಬಹುದು. ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಇದಕ್ಕೆ ಒಳ್ಳೆಯ ಉದಾಹರಣೆ. 11ನೇ ವರ್ಣತಂತುವಿನಲ್ಲಿ ಹಿಮೋಗ್ಲೋಬಿನ್‌ನ ಒಂದು ಸರಪಳಿಗೆ ವಿಧಾನ ಬರೆದ ಜೀನ್ ಇದೆ. ಅದರಲ್ಲಿ ಜಿಎಜಿ ಅಂತಿರಬೇಕಾದಲ್ಲಿ ಜಿಟಿಜಿ ಅಂತಾದರೆ, ಆ ಸರಪಳಿಯ 146 ಕೊಂಡಿಗಳಲ್ಲಿ, ಅಂದರೆ ಅಮೈನೋ ಆಮ್ಲಗಳಲ್ಲಿ, ಆರನೆಯದು ಬದಲಾಗುತ್ತದೆ. ಅಷ್ಟರಿಂದಲೇ ಹಿಮೋಗ್ಲೋಬಿನ್ ಕಣಗಳು ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಕಡ್ಡಿ ಕಟ್ಟುತ್ತವೆ. ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ನೋವು ಅನುಭವಿಸಿದವರಿಗೇ ಗೊತ್ತು.

ಅಪ್ಪ ಅಮ್ಮ ಇಬ್ಬರಿಂದಲೂ ಆ ಅಕ್ಷರ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಮೇಲಾಗಿ ಮಲೇರಿಯಾ ಜೋರಾಗುವುದರಿಂದ ರಕ್ಷಣೆ ಸಿಗುತ್ತದೆ. 1954ರಲ್ಲಿ ಆಂಥೊನಿ ಆಲಿಸನ್ ಇದನ್ನು ತೋರಿಸಿದರು. ಮಲೇರಿಯಾ ಇದ್ದ ಪ್ರದೇಶಗಳಲ್ಲೇ ಈ ಅಕ್ಷರ ಜಾಸ್ತಿ ಉಳಿದದ್ದು ಅದಕ್ಕೇ. ಕೆಟ್ಟ ಜೀನ್, ಒಳ್ಳೇ ಜೀನ್ ಅಂತ ಬೇರ್ಪಡಿಸುವವರಿಗೆ ಇದೊಂದು ಸಣ್ಣ ಪೆಟ್ಟು.

ದಾರಿ ಹತ್ತಿರ ಇದ್ದುದರಿಂದಲೇ ಚಿಕಿತ್ಸೆಯೂ ಸಾಧ್ಯವಾಯಿತು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಕ್ಯಾಸ್‌ಜೆವಿ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿದ ಮೊದಲ ಚಿಕಿತ್ಸೆ ಅದು. ಮಜಾ ಏನೆಂದರೆ, ಅದು ಆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ. ನಾವು ಹೊಟ್ಟೆಯಲ್ಲಿದ್ದಾಗ ಬೇರೆ ಥರದ ಹಿಮೋಗ್ಲೋಬಿನ್ ಮಾಡುತ್ತಿರುತ್ತೇವೆ, ಹುಟ್ಟಿದ ಮೇಲೆ ಅದು ನಿಧಾನವಾಗಿ ಬಂದ್ ಆಗುತ್ತದೆ. ಬಂದ್ ಮಾಡುವ ಸ್ವಿಚ್ಚನ್ನೇ ಈ ಚಿಕಿತ್ಸೆ ಕೆಡಿಸುತ್ತದೆ. ಹಳೇ ಹಿಮೋಗ್ಲೋಬಿನ್ ಮತ್ತೆ ಬರಲು ಶುರುವಾಗುತ್ತದೆ.

ಹಂಟಿಂಗ್‌ಟನ್ ರೋಗದ್ದೂ ಹತ್ತಿರದ ದಾರಿ, ಆದರೆ ಕ್ರೂರ: ಮೆದುಳಿನ ಕೋಶಗಳು ಸ್ವಲ್ಪ ಸ್ವಲ್ಪವೇ ಸಾಯುತ್ತಾ ಹೋಗುವ ರೋಗ ಅದು. 4ನೇ ವರ್ಣತಂತುವಿನ ಒಂದು ಜೀನ್‌ನಲ್ಲಿ ಸಿಎಜಿ ಅನ್ನುವ ಮೂರಕ್ಷರ ತಡವರಿಸಿದ ಹಾಗೆ ಮತ್ತೆ ಮತ್ತೆ ಬರುತ್ತದೆ. 40 ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಸಾಮಾನ್ಯ ಆಯಸ್ಸು ಬದುಕಿದವರಿಗೆ ರೋಗ ಬಂದೇ ಬರುತ್ತದೆ. ಜೀನ್ ಅಂದರೆ ಹಣೆಬರಹ ಅಂತ ಹೇಳಬಹುದಾದ ಕೆಲವೇ ಜಾಗಗಳಲ್ಲಿ ಇದೊಂದು. ಒಬ್ಬರಿಂದ ಬಂದರೂ ಸಾಕು, ಹಾಗಾಗಿ ರೋಗಿಯ ಪ್ರತಿ ಮಗುವಿಗೂ ಐವತ್ತು-ಐವತ್ತು. ಪರೀಕ್ಷೆ ಲಭ್ಯವಿದ್ದರೂ ಆ ಮನೆತನಗಳಲ್ಲಿ ಹೆಚ್ಚಿನವರು ಮಾಡಿಸಿಕೊಳ್ಳುವುದಿಲ್ಲ. ಅವರನ್ನು ತಪ್ಪು ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ಆದರೆ ದಾರಿ ಹತ್ತಿರ ಅಂದ ಮಾತ್ರಕ್ಕೆ ಹಣೆಬರಹ ಅಂತಲೇ ಆಗಬೇಕಿಲ್ಲ. ಪಿಕೆಯು ಎಂಬ ಕಾಯಿಲೆಯಲ್ಲಿ 12ನೇ ವರ್ಣತಂತುವಿನ ಒಂದು ಜೀನ್ ಕೆಟ್ಟು, ಫಿನೈಲ್ಅಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಕರಗಿಸಲಾರದು. ಅದು ಸೇರುತ್ತಾ ಹೋಗಿ ಮಗುವಿನ ಮೆದುಳನ್ನು ಹಾಳುಮಾಡುತ್ತದೆ. 1960ರ ದಶಕದ ಶುರುವಿನಲ್ಲಿ ರಾಬರ್ಟ್ ಗಥ್ರಿ ಒಂದು ಪರೀಕ್ಷೆ ಕಂಡುಹಿಡಿದರು. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಯನ್ನು ಒಂದು ಕಾಗದಕ್ಕೆ ಒತ್ತಿ ಒಣಗಿಸಿದರೆ ಸಾಕು. ರೋಗ ಇದೆ ಅಂತ ಗೊತ್ತಾದರೆ ಆ ಅಮೈನೋ ಆಮ್ಲ ತೀರಾ ಕಡಿಮೆ ಇರುವ ಪಥ್ಯ ಶುರುಮಾಡುತ್ತಾರೆ. ಜೀನ್ ಕೆಟ್ಟದ್ದು ಕೆಟ್ಟೇ ಇರುತ್ತದೆ. ಮಗು ಚೆನ್ನಾಗಿ ಬೆಳೆದು ಶಾಲೆಗೆ ಹೋಗುತ್ತದೆ.

ಅಡ್ಡ ಬರುವ ಸಂಗತಿಗಳು

ಸರಳವಾದ ಗುಣಗಳೂ ಯಾವ ವರ್ಣತಂತುವಿನ ಮೇಲೆ ಕೂತಿವೆ ಅನ್ನುವುದರ ಮೇಲೆ ಬೇರೆಬೇರೆ ಥರ ಕಾಣಿಸಿಕೊಳ್ಳುತ್ತವೆ. ಹೆಂಗಸಿಗೆ ಸಾಮಾನ್ಯವಾಗಿ ಎರಡು ಎಕ್ಸ್, ಗಂಡಸಿಗೆ ಒಂದು ಎಕ್ಸ್, ಒಂದು ವೈ. ಕೆಂಪು-ಹಸಿರು ಬಣ್ಣ ಗುರುತಿಸುವ ಜೀನ್‌ಗಳು ಎಕ್ಸ್‌ನಲ್ಲಿವೆ. ಗಂಡಸಿನ ಒಂದೇ ಎಕ್ಸ್‌ನಲ್ಲಿ ಅದು ಕೆಟ್ಟರೆ ಬದಲಿ ಇಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಪ್ರತಿಶತ ಜನಕ್ಕೆ ಈ ಬಣ್ಣಗುರುಡು ಇದೆ. ಹೆಂಗಸರಲ್ಲಿ ಅರ್ಧ ಪ್ರತಿಶತದ ಆಸುಪಾಸು. ನೂರಕ್ಕೆ ಎಂಟರಲ್ಲಿ ಮತ್ತೆ ನೂರಕ್ಕೆ ಎಂಟು ಅಂತ ಗುಣಿಸಿ ನೋಡಿ, ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ರಕ್ತ ಹೆಪ್ಪುಗಟ್ಟದ ಕುಸುಮ ರೋಗದ್ದೂ (ಹಿಮೋಫಿಲಿಯಾ) ಇದೇ ಲೆಕ್ಕ.

ಒಂದು ಜೀನ್ ಇನ್ನೊಂದರ ಬಾಯಿ ಮುಚ್ಚಿಸುವುದೂ ಉಂಟು. ರಕ್ತದ ಗುಂಪು ನಿರ್ಧರಿಸುವ ಜೀನ್ 9ನೇ ವರ್ಣತಂತುವಿನಲ್ಲಿದೆ. ಆದರೆ ಎ ಅಥವಾ ಬಿ ಗುರುತು ಕೂರಬೇಕಾದರೆ ಕೆಳಗೆ ಎಚ್ ಎಂಬ ಒಂದು ಪೀಠ ಬೇಕು. ಆ ಪೀಠದ ಜೀನ್ ಇರುವುದು 19ರಲ್ಲಿ. ಅದರ ಎರಡೂ ಪ್ರತಿ ಕೆಟ್ಟರೆ, ಎ ಜೀನ್ ಗಟ್ಟಿಮುಟ್ಟಾಗಿದ್ದರೂ ರಕ್ತ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ. ಮುಂಬೈಯಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ಗುರುತಿಸಿ 1952ರಲ್ಲಿ ಪ್ರಕಟಿಸಿದರು. ಬಾಂಬೆ ರಕ್ತದ ಗುಂಪು ಅನ್ನುವ ಹೆಸರು ಅಲ್ಲಿಂದಲೇ ಬಂತು. ಇಂಥವರಿಗೆ ಸಾಮಾನ್ಯ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅಪ್ಪ ಅಮ್ಮನ ಗುಂಪು ನೋಡಿ ಮಗು ಇವರದಲ್ಲ ಅಂತ ಅವಸರದಲ್ಲಿ ತೀರ್ಪು ಕೊಡುವವರೂ ಇದನ್ನು ನೆನಪಿಡಬೇಕು.

ದೂರದ ದಾರಿ

ಈಗ ಎತ್ತರಕ್ಕೆ ಬರೋಣ. ಎತ್ತರ ಅಳೆಯುವುದು ಸುಲಭ, ಮನೆತನದಲ್ಲಿ ಬರುತ್ತದೆ ಅನ್ನುವುದೂ ಸತ್ಯ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜೋಡಿಸಿ ನೋಡಿದ ಅಧ್ಯಯನ ಬಂತು. ಎತ್ತರಕ್ಕೆ ಸಂಬಂಧಪಟ್ಟ ವ್ಯತ್ಯಾಸಗಳು ಸಿಕ್ಕಿದ್ದು 12,111 ಕಡೆ. ಒಂದೊಂದರ ಪರಿಣಾಮ ತೀರಾ ಅತ್ಯಲ್ಪ. ಎಲ್ಲಾ ಕೂಡಿಸಿದರೆ ಯುರೋಪ್ ಮೂಲದವರಲ್ಲಿ ಎತ್ತರದ ವ್ಯತ್ಯಾಸದ ಸುಮಾರು 40 ಪ್ರತಿಶತ ವಿವರಿಸಬಹುದು. ಬೇರೆ ಮೂಲದವರಲ್ಲಿ ಅದು 10ರಿಂದ 20ಕ್ಕೆ ಇಳಿಯುತ್ತದೆ. ಯಾಕೆಂದರೆ ಡಿಎನ್‌ಎ ಕೊಟ್ಟವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಒಬ್ಬರ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಹಿಡಿಸುವುದು ಕಷ್ಟ.

ಇಲ್ಲೊಂದು ಮಾತು ಸದಾ ಗೊಂದಲ ಮಾಡುತ್ತದೆ. ಎತ್ತರ 80 ಪ್ರತಿಶತ ಆನುವಂಶಿಕ ಅಂತ ಅವಳಿಗಳ ಅಧ್ಯಯನಗಳು ಹೇಳುತ್ತವೆ. ಹಾಗಂದರೆ ನಿಮ್ಮ ಎತ್ತರದ ನೂರಕ್ಕೆ ಎಂಬತ್ತು ಭಾಗ ಜೀನ್ ಕೊಟ್ಟಿದ್ದು, ಉಳಿದದ್ದು ಊಟ ಕೊಟ್ಟಿದ್ದು ಅಂತ ಅರ್ಥ ಅಲ್ಲ. ಒಂದು ಕಾಲದ, ಒಂದು ಸಮಾಜದ ಜನರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್ ವ್ಯತ್ಯಾಸದಿಂದ ಬಂತು ಅನ್ನುವ ಲೆಕ್ಕ ಅದು. ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಐದು ಬೆರಳು ಇರುವುದು ಪೂರ್ತಿ ಜೀನ್‌ಗಳ ಕೆಲಸ. ಆದರೆ ದೊಡ್ಡವರಲ್ಲಿ ಯಾರಿಗಾದರೂ ನಾಲ್ಕೇ ಬೆರಳಿದ್ದರೆ ಅದಕ್ಕೆ ಹೆಚ್ಚಾಗಿ ಕಾರಣ ಅಪಘಾತ. ಹಾಗಾಗಿ ಬೆರಳಿನ ಸಂಖ್ಯೆಯ ಆನುವಂಶಿಕತೆ ಲೆಕ್ಕದಲ್ಲಿ ತೀರಾ ಕಡಿಮೆ ಬರುತ್ತದೆ! ಇನ್ನೊಂದು ಕಡೆ, 1896ರಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ಹೆಂಗಸರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರ್ ಎತ್ತರ. ನೂರು ವರ್ಷದಲ್ಲಿ ಜೀನ್‌ಗಳು ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಊಟ, ಆರೋಗ್ಯ, ಬಾಲ್ಯ.

ಓದಿನ ವಿಷಯಕ್ಕೆ ಬಂದರೆ ದಾರಿ ಇನ್ನೂ ದೂರ. 2022ರಲ್ಲೇ ಸುಮಾರು 30 ಲಕ್ಷ ಜನರ ಅಧ್ಯಯನವೊಂದು, ಯಾರು ಎಷ್ಟು ವರ್ಷ ಓದಿದರು ಅನ್ನುವುದಕ್ಕೆ ಸಂಬಂಧಪಟ್ಟ ಸುಮಾರು 4,000 ವ್ಯತ್ಯಾಸಗಳನ್ನು ಗುರುತಿಸಿತು. ಅವನ್ನು ಕೂಡಿಸಿದ ಅಂಕ ಓದಿನ ವ್ಯತ್ಯಾಸದ 12ರಿಂದ 16 ಪ್ರತಿಶತ ವಿವರಿಸುತ್ತದೆ. ಆದರೆ ಒಂದೇ ಮನೆಯ ಅಣ್ಣತಮ್ಮ, ಅಕ್ಕತಂಗಿಯರನ್ನು ಹೋಲಿಸಿದ ಕೂಡಲೇ ಅಂಕದ ಪ್ರಭಾವ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಯಾಕೆ? 2018ರ ಐಸ್‌ಲ್ಯಾಂಡ್‌ನ ಅಧ್ಯಯನ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತ್ತು. ಅಪ್ಪ ಅಮ್ಮನಲ್ಲಿ ಇದ್ದು, ಮಗುವಿಗೆ ಬರದೇ ಉಳಿದ ಜೀನ್ ರೂಪಗಳನ್ನು ಅವರು ನೋಡಿದರು. ಮಗುವಿನ ಮೈಯಲ್ಲಿ ಅವು ಇಲ್ಲವೇ ಇಲ್ಲ. ಆದರೂ ಮಗು ಎಷ್ಟು ಓದಿತು ಅನ್ನುವುದರ ಮೇಲೆ ಅವುಗಳ ಪ್ರಭಾವ ಇತ್ತು, ಮಗುವಿಗೆ ಬಂದ ಜೀನ್‌ಗಳ ಪ್ರಭಾವದ ಸುಮಾರು 30 ಪ್ರತಿಶತದಷ್ಟು. ಆ ಜೀನ್‌ಗಳು ಅಪ್ಪ ಅಮ್ಮನನ್ನು ಒಂದು ಥರ ರೂಪಿಸಿದವು, ಅವರು ಮನೆಯನ್ನು ರೂಪಿಸಿದರು, ಮನೆ ಮಗುವನ್ನು ರೂಪಿಸಿತು. ಅಂಥಾ ಅಂಕವನ್ನು ಭ್ರೂಣಕ್ಕೆ ಹಚ್ಚಿ ಬುದ್ಧಿ ಅಂತ ಮಾರಿದರೆ, ಅದರಲ್ಲಿ ಮನೆಯ ಪಾಲೂ ಸೇರಿಕೊಂಡಿರುತ್ತದೆ. ಭ್ರೂಣಗಳೋ, ಎಲ್ಲವೂ ಅದೇ ಮನೆಗೆ ಬರುವಂಥವು.

ಆರಿಸಿದರೆ ಸಿಗುವುದು ಎಷ್ಟು ಅಂತಲೂ ಲೆಕ್ಕ ಹಾಕಿದ್ದಾರೆ. 2019ರ ಅಧ್ಯಯನವೊಂದರ ಪ್ರಕಾರ, ಹತ್ತು ಭ್ರೂಣಗಳಲ್ಲಿ ಅತಿ ಹೆಚ್ಚು ಅಂಕದ್ದನ್ನು ಆರಿಸಿದರೆ ಸರಾಸರಿ ಲಾಭ ಎತ್ತರದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್, ಐಕ್ಯೂನಲ್ಲಿ ಸುಮಾರು ಎರಡೂವರೆ ಅಂಕ. ಅದೇ ತಂಡ ಸರಾಸರಿ ಹತ್ತು ಮಕ್ಕಳಿರುವ 28 ದೊಡ್ಡ ಕುಟುಂಬಗಳನ್ನೂ ನೋಡಿತು. ಮಕ್ಕಳೆಲ್ಲಾ ಆಗಲೇ ಬೆಳೆದು ದೊಡ್ಡವರಾಗಿದ್ದರು. ಡಿಎನ್‌ಎ ಅಂಕದಲ್ಲಿ ಮೊದಲು ಬಂದವರೇ ನಿಜವಾಗಿ ಎಲ್ಲರಿಗಿಂತ ಎತ್ತರ ಇದ್ದದ್ದು ಕಾಲು ಭಾಗ ಕುಟುಂಬಗಳಲ್ಲಿ ಮಾತ್ರ. ಎತ್ತರದ ಗತಿಯೇ ಇಷ್ಟಾದರೆ ಬುದ್ಧಿಯ ಮಾತು ಬಿಡಿ. ಅಲ್ಲದೆ ಒಂದೇ ಜೀನ್ ಹತ್ತು ಕೆಲಸ ಮಾಡುತ್ತಿರುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಏನು ಜಗ್ಗುತ್ತದೋ, ಆ ಮಕ್ಕಳು ದೊಡ್ಡವರಾಗುವ ತನಕ ಕಾಯಬೇಕು. ಯುರೋಪಿನ ಮಾನವ ತಳಿಶಾಸ್ತ್ರ ಸೊಸೈಟಿ 2021ರಲ್ಲೇ ಇದನ್ನು ಸಾಬೀತಾಗದ, ನೈತಿಕವಲ್ಲದ ಪದ್ಧತಿ ಅಂತ ಕರೆಯಿತು. ನನಗೆ ಅದರಲ್ಲಿ ಮೊದಲನೇ ಮಾತೇ ಸಾಕು.

ಇದನ್ನೇ ಹಿಡಿದು ಭ್ರೂಣ ಪರೀಕ್ಷೆಯೇ ಬೇಡ ಅನ್ನುವುದು ತಪ್ಪು. ಹಂಟಿಂಗ್‌ಟನ್, ಕುಡಗೋಲು ಕಣದಂಥ ರೋಗ ಮನೆತನದಲ್ಲಿ ಇದ್ದಾಗ ಒಂದು ಜೀನ್ ನೋಡಿ ಭ್ರೂಣ ಆರಿಸುವುದು 1990ರ ದಶಕದಿಂದ ನಡೆದುಬಂದ ವೈದ್ಯಕೀಯ. ಅಲ್ಲಿ ಉತ್ತರ ಹೌದು ಅಥವಾ ಇಲ್ಲ. ಇಲ್ಲಿ ಉತ್ತರ ಬಹುಶಃ ಒಂದಿಷ್ಟು. ಕಂಪನಿಯ ಕಾಗದದಲ್ಲಿ ಎರಡೂ ಒಂದೇ ಥರದ ಅಂಕೆಯಾಗಿ ಅಚ್ಚಾಗುತ್ತವೆ.

ಉಗುಳು ಯಾರದು

ಗುಣ ಊಹಿಸುವುದರಲ್ಲಿ ಡಿಎನ್‌ಎ ಇಷ್ಟು ತಡವರಿಸುತ್ತದೆ. ಆದರೆ ಒಂದು ಕೆಲಸದಲ್ಲಿ ಅದು ತಪ್ಪುವುದೇ ಅಪರೂಪ: ಯಾರು ಯಾರಿಗೆ ಏನಾಗಬೇಕು ಅಂತ ಹೇಳುವುದು. ಅದಲುಬದಲಾದ ತುಂಡುಗಳು ಎಷ್ಟುದ್ದ ಹೊಂದುತ್ತವೆ ಅಂತ ಅಳೆದರೆ ಸಾಕು, ಮುತ್ತಜ್ಜನ ಕಡೆಯ ನೆಂಟಸ್ತಿಕೆಯೂ ಸಿಗುತ್ತದೆ. ಕೊಳವೆಗೆ ಉಗುಳುವವರು ಗಂಭೀರವಾಗಿ ತೆಗೆದುಕೊಳ್ಳದ ಭಾಗ ಇದೇ.

ಈ ವ್ಯಾಪಾರದ ದೊಡ್ಡ ಹೆಸರು 23ಆಂಡ್‌ಮಿ. 23 ಅಂದರೆ ಆ 23 ಜೋಡಿಗಳೇ. 2023ರಲ್ಲಿ ಅದರ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಕಳ್ಳರ ಕೈಗೆ ಸಿಕ್ಕಿತು. ನುಗ್ಗಿದ ಖಾತೆಗಳು ಸುಮಾರು 14,000 ಮಾತ್ರ. ಉಳಿದವರು ಸಿಕ್ಕಿಬಿದ್ದದ್ದು, ನೆಂಟರನ್ನು ಹುಡುಕಿಕೊಡುವ ಸೌಲಭ್ಯದಲ್ಲಿ ಅವರ ವಿವರ ಆ ಖಾತೆಗಳಿಗೆ ಕಾಣುತ್ತಿದ್ದ ಕಾರಣಕ್ಕೆ. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಕೋಟ್ಯಂತರ ಜನರ ಡಿಎನ್‌ಎ ಮಾಹಿತಿ ಆಸ್ತಿಯ ಪಟ್ಟಿಯಲ್ಲಿ ಒಂದು ಸಾಲಾಯಿತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. 46 ವರ್ಣತಂತುಗಳನ್ನು ಎಲ್ಲಿಂದ ಬದಲಾಯಿಸೋಣ?

2018ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು 1970 ಮತ್ತು 80ರ ದಶಕದ ಸರಣಿ ಕೊಲೆಗಳ ಆರೋಪಿಯನ್ನು ಹಿಡಿದರು. ಆತ ಯಾವ ಕಂಪನಿಗೂ ಡಿಎನ್‌ಎ ಕೊಟ್ಟಿರಲಿಲ್ಲ. ದೂರದ ನೆಂಟರು ಒಂದು ಸಾರ್ವಜನಿಕ ವೆಬ್‌ಸೈಟಿಗೆ ತಮ್ಮದನ್ನು ಹಾಕಿದ್ದರು, ಅಲ್ಲಿಂದ ವಂಶವೃಕ್ಷ ಕಟ್ಟಿ ಅವನ ಮನೆ ಬಾಗಿಲಿಗೆ ಬಂದರು. ಕೊಲೆಗಾರ ಸಿಕ್ಕಿದ್ದಕ್ಕೆ ಯಾರಿಗೂ ಬೇಜಾರಿಲ್ಲ. ಆದರೆ ಅದೇ ವರ್ಷ ಸಂಶೋಧಕರು ಸುಮಾರು 13 ಲಕ್ಷ ಜನರ ಡಿಎನ್‌ಎ ಇರುವ ಒಂದು ಸಂಗ್ರಹ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಅಮೆರಿಕದಲ್ಲಿರುವ ಯುರೋಪ್ ಮೂಲದವರಲ್ಲಿ ಸುಮಾರು 60 ಪ್ರತಿಶತ ಜನಕ್ಕೆ ಅದರಲ್ಲಿ ದೂರದ ದಾಯಾದಿಯೋ ಅದಕ್ಕಿಂತ ಹತ್ತಿರದ ನೆಂಟರೋ ಒಬ್ಬರಾದರೂ ಸಿಗುತ್ತಾರೆ ಅಂತ ಗೊತ್ತಾಯಿತು. ಆ 60 ಪ್ರತಿಶತದಲ್ಲಿ ಬಹುಪಾಲು ಜನ ಎಂದೂ ಯಾವ ಕೊಳವೆಗೂ ಉಗುಳಿದವರಲ್ಲ.